ಫೋಟೋ ಕೇಳಿದ ಆಪ್ ಲೊಕೇಶನ್ ಯಾಕೆ ಕೇಳುತ್ತದೆ? ಮಲೆನಾಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಮದುವೆಯ ಕರೆಯೋಲೆಯನ್ನು ಫೋನಿನಲ್ಲೇ ಮಾಡೋಣ ಅಂತ ತೀರ್ಥಹಳ್ಳಿ ಹತ್ತಿರದ ನಮ್ಮ ಅತ್ತೆ ಒಂದು ಆಪ್ ಹಾಕಿಕೊಂಡರು. ಅದು ಮೊದಲು ಫೋಟೋ ನೋಡಲು ಅನುಮತಿ ಕೇಳಿತು. ಕೊಟ್ಟರು. ಅದರ ಬೆನ್ನಿಗೇ ಲೊಕೇಶನ್ ಕೇಳಿತು. ಅತ್ತೆ ಅಲ್ಲೇ ನಿಲ್ಲಿಸಿ ನನಗೆ ಫೋನ್ ಮಾಡಿದರು. "ಕಾರ್ಡಿಗೆ ಹುಡುಗ ಹುಡುಗಿ ಫೋಟೋ ಸಾಕಲ್ವಾ? ನಾನು ಎಲ್ಲಿ ಕೂತಿದ್ದೀನಿ ಅಂತ ಇದಕ್ಕೆ ಯಾಕೆ ಬೇಕು?"

ಆ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತಿನಲ್ಲಿ ಉತ್ತರ ಕೊಡಲು ನನಗೆ ಆಗಲಿಲ್ಲ. ಮುಂದಿನ ಭಾನುವಾರ ಹೋಗಿ, ಜಗಲಿಯಲ್ಲಿ ಕೂತು, ಅವರ ಫೋನನ್ನು ಒಂದೊಂದಾಗಿ ಬಿಡಿಸಿ ತೋರಿಸಿದೆ. ಅಂದು ಮಾಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ಫೋನನ್ನು ಕೈಯಲ್ಲಿ ಹಿಡಿದು ಓದಿ. ಒಂದು ಗಂಟೆಯ ಕೆಲಸ.

ಮೊದಲು ಇದು ಗೊತ್ತಿರಲಿ: ಫೋಟೋದ ಒಳಗೇ ಊರು ಇರುತ್ತದೆ

ಫೋನಿನಲ್ಲಿ ತೆಗೆದ ಫೋಟೋ ಬರೀ ಚಿತ್ರವಲ್ಲ. ಚಿತ್ರದ ಜೊತೆ ಒಂದು ಚೀಟಿಯೂ ಅದೇ ಫೈಲಿನೊಳಗೆ ಕೂತಿರುತ್ತದೆ. ಯಾವ ಫೋನು, ಯಾವ ದಿನ, ಎಷ್ಟು ಗಂಟೆ, ಎಷ್ಟು ಬೆಳಕು, ಇದೆಲ್ಲ ಅದರಲ್ಲಿ ಬರೆದಿರುತ್ತದೆ. ಈ ಚೀಟಿಯ ಹೆಸರು ಎಕ್ಸಿಫ್. 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘವೊಂದು ಡಿಜಿಟಲ್ ಕ್ಯಾಮೆರಾಗಳಿಗಾಗಿ ಮಾಡಿದ ಪದ್ಧತಿ ಇದು. ಫೋನಿಗೆ ಜಿಪಿಎಸ್ ಬಂದ ಮೇಲೆ ಅದೇ ಚೀಟಿಯಲ್ಲಿ ಫೋಟೋ ತೆಗೆದ ಜಾಗದ ಅಕ್ಷಾಂಶ, ರೇಖಾಂಶವೂ ಸೇರಿಕೊಂಡಿತು. ಎಷ್ಟೋ ಫೋನುಗಳಲ್ಲಿ ಸಮುದ್ರಮಟ್ಟದಿಂದ ಎಷ್ಟು ಎತ್ತರ, ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿತ್ತು ಅನ್ನುವುದೂ ಇರುತ್ತದೆ.

ಆ ಅಂಕಿಗಳು ಎಷ್ಟು ನಿಖರ ಅಂತ ತಿಳಿದರೆ ವಿಷಯದ ತೂಕ ಗೊತ್ತಾಗುತ್ತದೆ. ಶಿವಮೊಗ್ಗ ಪೇಟೆ ಸುಮಾರು 13.93 ಅಕ್ಷಾಂಶ, 75.57 ರೇಖಾಂಶದಲ್ಲಿದೆ. ಚುಕ್ಕಿಯ ನಂತರ ಎರಡೇ ಅಂಕಿ ಇದ್ದರೆ ಒಂದು ಕಿಲೋಮೀಟರ್ ಆಚೀಚೆ. ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್. ಐದು ಇದ್ದರೆ ಒಂದು ಮೀಟರ್ ಚಿಲ್ಲರೆ. ಫೋನುಗಳು ಐದಾರು ಅಂಕಿ ಬರೆಯುತ್ತವೆ. ಜಿಪಿಎಸ್ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ, ನಿಜ. ಬಯಲಿನಲ್ಲಿ ಸುಮಾರು ಐದು ಮೀಟರ್ ತಪ್ಪಬಹುದು, ಅಡಿಕೆ ತೋಟದ ಒಳಗೆ ಇನ್ನೂ ಜಾಸ್ತಿ. ಆದರೂ ನಿಮ್ಮ ಮನೆಯ ಅಂಗಳಕ್ಕೆ ಬಂದು ನಿಲ್ಲಲು ಅಷ್ಟು ಸಾಕು.

ನಮ್ಮ ಚಿಕ್ಕಪ್ಪನ ಜಾಗದಲ್ಲಿ, ಹೊಳೆದಂಡೆಯ ಮೇಲೆ, ಒಂದು ಅಪ್ಪೆಮಿಡಿ ಮರ ಇದೆ. ಒಳ್ಳೆಯ ಪರಿಮಳದ ಜಾತಿ. ಅಂಥ ಮರ ಎಲ್ಲಿದೆ ಅಂತ ಮಲೆನಾಡಿನಲ್ಲಿ ಯಾರೂ ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಗೊಂಚಲಿನ ಒಂದು ಚಂದದ ಫೋಟೋವನ್ನು ಅವರು ಕೃಷಿಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಚಿತ್ರ ಮಸುಕಾಗಬಾರದು ಅಂತ ಡಾಕ್ಯುಮೆಂಟ್ ಆಗಿ ಕಳಿಸಿದರು. ಎರಡು ದಿನಕ್ಕೆ ಪರಿಚಯವೇ ಇಲ್ಲದ ಇಬ್ಬರು ದೋಟಿ, ಚೀಲ ಹಿಡಿದು ಹೊಳೆದಂಡೆಗೆ ಬಂದಿದ್ದರು. ದಾರಿ ಯಾರು ಹೇಳಿದರು ಅಂದರೆ, "ನಿಮ್ಮ ಫೋಟೋದಲ್ಲೇ ಮ್ಯಾಪ್ ಇತ್ತಲ್ಲ!" ಚಿಕ್ಕಪ್ಪನಿಗೆ ಅಲ್ಲಿಯವರೆಗೆ ಅದು ಗೊತ್ತೇ ಇರಲಿಲ್ಲ. ಅಪ್ಪೆಮಿಡಿಯ ಜಾಗದಲ್ಲಿ ಹಿತ್ತಲಿನ ಗಂಧದ ಮರ ಇದ್ದಿದ್ದರೆ? ಆ ಯೋಚನೆಯೇ ನನ್ನನ್ನು ಈ ವಿಷಯದ ಹಿಂದೆ ಬೀಳಿಸಿದ್ದು.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಕಡೆ ಜಾಸ್ತಿ. "ನಮ್ಮಲ್ಲಿ ನೆಟ್‌ವರ್ಕೇ ಇಲ್ಲ, ಲೊಕೇಶನ್ ಎಲ್ಲಿಂದ ಹೋಗುತ್ತೆ?" ಅನ್ನುತ್ತಾರೆ. ಜಿಪಿಎಸ್‌ಗೆ ಟವರ್ ಬೇಡ, ಇಂಟರ್‌ನೆಟ್ ಬೇಡ. ಉಪಗ್ರಹಗಳ ಸಂಕೇತವನ್ನು ಫೋನು ಸುಮ್ನೆ ಕೇಳಿಸಿಕೊಂಡು ಲೆಕ್ಕ ಹಾಕುತ್ತದೆ. ನೆಟ್ ಇಲ್ಲದಿದ್ದರೆ ಸ್ವಲ್ಪ ನಿಧಾನ, ಅಷ್ಟೇ. ಆಗುಂಬೆ ಘಾಟಿಯಲ್ಲಿ ಒಂದು ಗೆರೆ ಸಿಗ್ನಲ್ ಇಲ್ಲದಿರುವಾಗ ತೆಗೆದ ಫೋಟೋದಲ್ಲೂ ಜಾಗ ಬರೆದಿರುತ್ತದೆ. ಮನೆಗೆ ಬಂದು ವೈಫೈ ಸಿಕ್ಕಿದಾಗ ಫೋಟೋದ ಜೊತೆಗೇ ಹೊರಡುತ್ತದೆ.

ಆಪ್ ಕೇಳುವುದರ ಹಿಂದಿನ ಕಾರಣಗಳು

ಅತ್ತೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಾರಣ ಒಂದಲ್ಲ.

ಮೊದಲನೆಯದು ತೀರಾ ಪ್ರಾಮಾಣಿಕವಾದ ಕಾರಣ. ಫೋಟೋದೊಳಗೆ ಜಾಗ ಇದೆ. ಹಾಗಾಗಿ ಫೋಟೋ ಕೊಟ್ಟರೆ ಜಾಗವನ್ನೂ ಕೊಟ್ಟ ಹಾಗೆ. ಐಫೋನನ್ನು ನಡೆಸುವ ತಂತ್ರಾಂಶದ ಹೆಸರು ಐಓಎಸ್. 2010ರಲ್ಲಿ ಬಂದ ಐಓಎಸ್ 4ರಲ್ಲಿ ಆಪಲ್ ಇದೇ ತರ್ಕ ಹಿಡಿದಿತ್ತು. ಯಾವುದಾದರೂ ಆಪ್ ನಿಮ್ಮ ಫೋಟೋಗಳ ಪಟ್ಟಿಯನ್ನು ನೇರವಾಗಿ ಓದಬೇಕಾದರೆ, ಫೋನು ಲೊಕೇಶನ್ ಅನುಮತಿಯನ್ನೇ ಕೇಳುತ್ತಿತ್ತು. ಜನ ಗಾಬರಿಯಾದರು. ಫೋಟೋ ಎಡಿಟ್ ಮಾಡುವ ಆಪ್‌ಗೆ ಲೊಕೇಶನ್ ಕೊಡದಿದ್ದರೆ ಒಂದೂ ಫೋಟೋ ಕಾಣುತ್ತಿರಲಿಲ್ಲ. 2012ರಲ್ಲಿ ಐಓಎಸ್ 6 ಬಂದಾಗ ಫೋಟೋಗೆ ಬೇರೆ ಅನುಮತಿ, ಲೊಕೇಶನ್‌ಗೆ ಬೇರೆ ಅನುಮತಿ ಅಂತ ಬಿಡಿಸಿದರು.

ಆಂಡ್ರಾಯ್ಡ್‌ನಲ್ಲಿ ನಡೆದದ್ದು ಇದರ ಉಲ್ಟಾ, ಮತ್ತು ನನ್ನ ಪ್ರಕಾರ ಅದು ಹೆಚ್ಚು ಅಪಾಯದ್ದು. ಅಲ್ಲಿ ಸ್ಟೋರೇಜ್ ಅನುಮತಿ ಒಂದು ಕೊಟ್ಟರೆ ಸಾಕಿತ್ತು. ಆಪ್ ನಿಮ್ಮ ಎಲ್ಲ ಫೋಟೋಗಳ ಚೀಟಿಯನ್ನೂ ಓದಬಹುದಿತ್ತು. ಲೊಕೇಶನ್ ಅಂತ ಒಂದು ಮಾತೂ ನಿಮ್ಮನ್ನು ಕೇಳುತ್ತಿರಲಿಲ್ಲ. 2019ರಲ್ಲಿ ಆಂಡ್ರಾಯ್ಡ್ 10 ಇದಕ್ಕೆ ಬಾಗಿಲು ಹಾಕಿತು. ಆ ಆವೃತ್ತಿಯ ನಿಯಮಕ್ಕೆ ಹೊಂದಿಕೊಂಡ ಆಪ್‌ಗೆ ಫೋಟೋ ಕೊಡುವಾಗ ಫೋನು ಜಾಗದ ಅಂಕಿಗಳನ್ನು ಅಳಿಸಿ ಕೊಡುತ್ತದೆ. ಅಂಕಿಗಳೂ ಬೇಕು ಅಂದರೆ ಆ ಆಪ್ "ಫೋಟೋಗಳ ಲೊಕೇಶನ್" ಅನ್ನುವ ಬೇರೆ ಅನುಮತಿ ಪಡೆಯಬೇಕು. ಇದು ನೀವು ಈಗ ಎಲ್ಲಿದ್ದೀರಿ ಅನ್ನುವುದಲ್ಲ. ಫೋಟೋ ತೆಗೆದಾಗ ಎಲ್ಲಿದ್ದಿರಿ ಅನ್ನುವುದು.

ಈ ವ್ಯತ್ಯಾಸವನ್ನು ಸ್ವಲ್ಪ ನಿಂತು ಯೋಚಿಸಿ. ಈಗಿನ ಲೊಕೇಶನ್ ಅಂದರೆ ಒಂದು ಚುಕ್ಕಿ. ಐದು ವರ್ಷದ ಫೋಟೋಗಳ ಲೊಕೇಶನ್ ಅಂದರೆ ನಿಮ್ಮ ಮನೆ, ತವರು, ಮಗುವಿನ ಶಾಲೆ, ಹೋಗುವ ಆಸ್ಪತ್ರೆ, ತೋಟ, ದೇವಸ್ಥಾನ ಎಲ್ಲವೂ, ತಾರೀಖಿನ ಸಮೇತ.

ಎರಡನೆಯ ಕಾರಣ ಅಷ್ಟು ಜನಕ್ಕೆ ಗೊತ್ತಿಲ್ಲ. ಒಂದು ಫೋನಿನಿಂದ ಇನ್ನೊಂದಕ್ಕೆ ಫೋಟೋ ದಾಟಿಸುವ ಆಪ್‌ಗಳು, ಕ್ಯಾಮೆರಾದಿಂದ ಫೋನಿಗೆ ಫೋಟೋ ಎಳೆಯುವ ಆಪ್‌ಗಳು, ವೈಫೈ ಪ್ರಿಂಟರ್ ಆಪ್‌ಗಳು ಲೊಕೇಶನ್ ಕೇಳಿದರೆ ಅದು ಮೋಸವೇ ಇರಬೇಕೆಂದಿಲ್ಲ. ಸುತ್ತಲಿನ ಬ್ಲೂಟೂತ್, ವೈಫೈ ಸಾಧನಗಳನ್ನು ಹುಡುಕಿದರೆ ಅವುಗಳ ಗುರುತಿನಿಂದಲೇ ನೀವು ಎಲ್ಲಿದ್ದೀರಿ ಅಂತ ಊಹಿಸಬಹುದು. ಅದಕ್ಕೇ ಆಂಡ್ರಾಯ್ಡ್ 11ರವರೆಗೆ ಹೀಗೆ ಹುಡುಕುವುದಕ್ಕೂ ಲೊಕೇಶನ್ ಅನುಮತಿಯೇ ಬೇಕಿತ್ತು. ಆಂಡ್ರಾಯ್ಡ್ 12ರಲ್ಲಿ ಬ್ಲೂಟೂತ್‌ಗೆ, 13ರಲ್ಲಿ ವೈಫೈಗೆ "ಹತ್ತಿರದ ಸಾಧನಗಳು" ಅನ್ನುವ ಬೇರೆ ಅನುಮತಿ ಬಂತು. ಹಳೆಯ ಫೋನ್ ಇದ್ದವರಿಗೆ ಇಂದಿಗೂ ಹಳೆಯ ಪ್ರಶ್ನೆಯೇ ಕಾಣುತ್ತದೆ.

ಮೂರನೆಯದು ಜಾಹೀರಾತು. ನೀವು ಯಾವ ಊರಿನವರು ಅಂತ ತಿಳಿದರೆ ಆಪ್‌ನವರಿಗೆ ದುಡ್ಡು. ಫೋಟೋಗೂ ಅದಕ್ಕೂ ಸಂಬಂಧ ಇಲ್ಲ. ಅತ್ತೆಯ ಕರೆಯೋಲೆ ಆಪ್ ಕೇಳಿದ್ದಕ್ಕೆ ನನಗೆ ಬೇರೆ ಯಾವ ಕಾರಣವೂ ಕಾಣಲಿಲ್ಲ.

ಹಂತ 1: ನಿಮ್ಮದೇ ಒಂದು ಫೋಟೋ ತೆರೆದು ನೋಡಿ

ಮನೆಯಂಗಳದಲ್ಲಿ ತೆಗೆದ ಒಂದು ಫೋಟೋವನ್ನು ಗೂಗಲ್ ಫೋಟೋಸ್‌ನಲ್ಲಿ ತೆರೆಯಿರಿ. ಬೆರಳನ್ನು ಕೆಳಗಿಂದ ಮೇಲಕ್ಕೆ ಎಳೆಯಿರಿ. ಐಫೋನ್ ಆದರೆ ಫೋಟೋಸ್ ಆಪ್‌ನಲ್ಲಿ ಹಾಗೇ ಮಾಡಿ. ತಾರೀಖು, ಫೋನಿನ ಹೆಸರು, ಅದರ ಕೆಳಗೆ ಮ್ಯಾಪ್ ಕಾಣಬಹುದು. ಮ್ಯಾಪ್ ಕಂಡರೆ ನಿಮ್ಮ ಕ್ಯಾಮೆರಾ ಜಾಗ ಬರೆಯುತ್ತಿದೆ ಅಂತ ಅರ್ಥ. ಮ್ಯಾಪ್ ಮುಟ್ಟಿ ದೊಡ್ಡದು ಮಾಡಿ. ಅತ್ತೆಯ ಫೋನಿನಲ್ಲಿ ಚುಕ್ಕಿ ಕೊಟ್ಟಿಗೆಯ ಮಾಡಿನ ಮೇಲೆ ಕೂತಿತ್ತು. ಅದನ್ನು ನೋಡಿದ ಮೇಲೆ ಅವರಿಗೆ ನಾನು ಹೆಚ್ಚು ವಿವರಿಸಬೇಕಾಗಲಿಲ್ಲ.

ಒಂದು ಎಚ್ಚರ. ಗೂಗಲ್ ಫೋಟೋಸ್ ಕೆಲವು ಫೋಟೋಗಳಿಗೆ ಜಾಗವನ್ನು ತಾನೇ ಅಂದಾಜು ಮಾಡಿ ತೋರಿಸುತ್ತದೆ. ಅಂಥ ಕಡೆ ಅಂದಾಜು ಅಂತ ಬರೆದಿರುತ್ತದೆ. ಅದು ಫೋಟೋ ಫೈಲಿನೊಳಗೆ ಇರುವುದಲ್ಲ.

ಹಂತ 2: ಕ್ಯಾಮೆರಾಕ್ಕೆ ಜಾಗ ಬರೆಯಬೇಡ ಅನ್ನಿ

ನೀರು ಬರುವ ಬಾಯಿಯಲ್ಲೇ ಕಟ್ಟುವುದು ಎಲ್ಲಕ್ಕಿಂತ ಸುಲಭ. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ತೆರೆದು ಅದರ ಸೆಟ್ಟಿಂಗ್ಸ್‌ಗೆ ಹೋಗಿ. ಲೊಕೇಶನ್ ಟ್ಯಾಗ್, ಸೇವ್ ಲೊಕೇಶನ್, ಜಿಯೋಟ್ಯಾಗ್ ಹೀಗೆ ಕಂಪನಿಗೊಂದು ಹೆಸರು ಇರುತ್ತದೆ. ಆಫ್ ಮಾಡಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯೂರಿಟಿ, ಲೊಕೇಶನ್ ಸರ್ವಿಸಸ್, ಕ್ಯಾಮೆರಾ, ಅಲ್ಲಿ ನೆವರ್.

ಇದರಿಂದ ಇನ್ನು ಮುಂದಿನ ಫೋಟೋಗಳು ಮಾತ್ರ ಸರಿಯಾಗುತ್ತವೆ. ಹಳೆಯವು ಹಾಗೇ ಉಳಿಯುತ್ತವೆ.

ಎಲ್ಲರೂ ಆಫ್ ಮಾಡಲೇಬೇಕು ಅಂತ ನಾನು ಹೇಳುವುದಿಲ್ಲ. ಕೊಡಚಾದ್ರಿಯ ದಾರಿಯಲ್ಲಿ, ಶರಾವತಿ ಕಣಿವೆಯಲ್ಲಿ ಓಡಾಡುವವರಿಗೆ, ಗಿಡ ಹಕ್ಕಿ ದಾಖಲಿಸುವವರಿಗೆ ಈ ಅಂಕಿಗಳು ಬಂಗಾರ. ತೋಟದ ಯಾವ ಮೂಲೆಯಲ್ಲಿ ಎಲೆಚುಕ್ಕೆ ರೋಗ ಮೊದಲು ಕಂಡಿತು ಅಂತ ಎರಡು ವರ್ಷ ಬಿಟ್ಟು ನೆನಪಿಸಿಕೊಳ್ಳಲು ನನ್ನ ಫೋಟೋಗಳೇ ನನಗೆ ಸಹಾಯ ಮಾಡಿವೆ. ಆಗ ಆನ್ ಇರಲಿ. ಕಳಿಸುವಾಗ ಎಚ್ಚರ ಇದ್ದರಾಯಿತು. ಅದು ಹಂತ 5ರಲ್ಲಿದೆ.

ಹಂತ 3: ಪರದೆಯ ಮೇಲೆ ಬಂದ ಪ್ರಶ್ನೆಯನ್ನು ಓದಿ

ನಾವು ಅವಸರದಲ್ಲಿ ಅಲೋ ಒತ್ತುವುದು ಇಲ್ಲೇ. ಪ್ರಶ್ನೆಯಲ್ಲಿ ಎರಡು ಬಗೆ ಇರುತ್ತದೆ ಅಂತ ನೆನಪಿಟ್ಟುಕೊಳ್ಳಿ.

"ಈ ಸಾಧನದ ಲೊಕೇಶನ್" ಅಂತ ಕೇಳಿದರೆ ಅದು ನೀವು ಈಗಿರುವ ಜಾಗ. ಬರೀ ಫೋಟೋ ಆರಿಸುವ, ಅಂಟಿಸುವ, ಬಣ್ಣ ತಿದ್ದುವ ಆಪ್‌ಗೆ ಇದು ಬೇಡವೇ ಬೇಡ. ಡೋಂಟ್ ಅಲೋ ಒತ್ತಿ. ಆಪ್ ಮುಂದೆ ಹೋಗದಿದ್ದರೆ ಆ ಆಪನ್ನೇ ತೆಗೆದುಬಿಡಿ. ಅದೇ ಕೆಲಸ ಮಾಡುವ ಇನ್ನೊಂದು ಆಪ್ ಸಿಗುತ್ತದೆ. ಅತ್ತೆ ಮಾಡಿದ್ದೂ ಇದನ್ನೇ. ಎರಡನೆಯ ಆಪ್ ಏನೂ ಕೇಳಲಿಲ್ಲ, ಕಾರ್ಡೂ ಚೆನ್ನಾಗಿಯೇ ಬಂತು.

"ಫೋಟೋ ಮತ್ತು ವಿಡಿಯೋ" ಅಂತ ಕೇಳಿದರೆ ಎಲ್ಲವನ್ನೂ ಕೊಡಬೇಕಿಲ್ಲ. ಐಫೋನಿನಲ್ಲಿ 2020ರ ಐಓಎಸ್ 14ರಿಂದ, ಆಂಡ್ರಾಯ್ಡ್‌ನಲ್ಲಿ 2023ರ ಆವೃತ್ತಿ 14ರಿಂದ, ಆರಿಸಿದ ಫೋಟೋಗಳನ್ನು ಮಾತ್ರ ಕೊಡುವ ದಾರಿ ಇದೆ. ಕಾರ್ಡಿಗೆ ಎರಡು ಫೋಟೋ ಬೇಕಾದರೆ ಎರಡನ್ನೇ ಕೊಡಿ. ಉಳಿದ ನಾಲ್ಕು ಸಾವಿರ ಆ ಆಪ್‌ನ ಕಣ್ಣಿಗೇ ಬೀಳುವುದಿಲ್ಲ. ನನಗೆ ಕೇಳಿದರೆ, ಈ ಇಡೀ ಬರಹದಲ್ಲಿ ಒಂದೇ ಒಂದು ಅಭ್ಯಾಸ ರೂಢಿಸಿಕೊಳ್ಳಬೇಕಾದರೆ ಇದು.

ಹಂತ 4: ಈಗಾಗಲೇ ಕೊಟ್ಟ ಅನುಮತಿಗಳನ್ನು ಹಿಂದಕ್ಕೆ ಪಡೆಯಿರಿ

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಲೊಕೇಶನ್, ಆಪ್ ಪರ್ಮಿಶನ್ಸ್. ಫೋನ್ ಕನ್ನಡದಲ್ಲಿದ್ದರೆ ಸ್ಥಳ, ಅನುಮತಿ ಅಂತ ಹುಡುಕಿ. ಸದಾಕಾಲ ಲೊಕೇಶನ್ ಪಡೆಯುವ ಆಪ್‌ಗಳು ಅಲ್ಲಿ ಬೇರೆಯಾಗಿ ಕಾಣುತ್ತವೆ. ಅವನ್ನು ಮೊದಲು ನೋಡಿ. ಟಾರ್ಚ್, ಪಂಚಾಂಗ, ಫೋಟೋ ಫ್ರೇಮ್, ಇಂಥವು ಅಲ್ಲಿದ್ದರೆ ತಡ ಮಾಡಬೇಡಿ, ಡೋಂಟ್ ಅಲೋ. ಮ್ಯಾಪ್, ಆಟೋ ಕರೆಸುವ ಆಪ್, ಇವಕ್ಕೆ ಬಳಸುವಾಗ ಮಾತ್ರ ಅನ್ನುವುದು ಸಾಕು. ಹೊರಗೆ ಬಂದು ಫೋಟೋ ಅನುಮತಿಯ ಪಟ್ಟಿಯನ್ನೂ ಹೀಗೇ ನೋಡಿ.

ಐಫೋನಿನಲ್ಲಿ ಪ್ರೈವಸಿ ಅಂಡ್ ಸೆಕ್ಯೂರಿಟಿ ಒಳಗೆ ಲೊಕೇಶನ್ ಸರ್ವಿಸಸ್ ಮತ್ತು ಫೋಟೋಸ್ ಎರಡೂ ಸಿಗುತ್ತವೆ.

ಇಲ್ಲಿ "ಪ್ರಿಸೈಸ್ ಲೊಕೇಶನ್" ಅಂತ ಒಂದು ಗುಂಡಿ ಇದೆ. ಆಂಡ್ರಾಯ್ಡ್ 12ರಲ್ಲಿ, ಐಓಎಸ್ 14ರಲ್ಲಿ ಬಂದದ್ದು. ಅದನ್ನು ಆಫ್ ಮಾಡಿದರೆ ಆಪ್‌ಗೆ ಅಂದಾಜು ಜಾಗ ಮಾತ್ರ ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ ಅದು ಸುಮಾರು 3 ಚದರ ಕಿಲೋಮೀಟರ್ ಜಾಗ. ಶಿವಮೊಗ್ಗದ ಗಾಂಧಿ ಬಜಾರ್ ಸುತ್ತ ಅಷ್ಟು ಜಾಗದಲ್ಲಿ ಸಾವಿರಾರು ಮನೆಗಳು ಬರುತ್ತವೆ, ಯಾರ ಮನೆ ಅಂತ ಹೇಳಲಾಗದು. ಆದರೆ ಹೊಸನಗರದ ಕಡೆಯ ಒಂಟಿಮನೆಯ ಸುತ್ತ? ಕಾಡು, ಸೊಪ್ಪಿನ ಬೆಟ್ಟ, ಗದ್ದೆ ಬಿಟ್ಟರೆ ನಾಲ್ಕು ಮನೆ ಇದ್ದರೆ ಹೆಚ್ಚು. ಪೇಟೆಯವರನ್ನು ಕಾಪಾಡುವ ಅಂದಾಜು ನಮ್ಮನ್ನು ಅಷ್ಟು ಕಾಪಾಡುವುದಿಲ್ಲ. ಹಾಗಾಗಿ ಮಲೆನಾಡಿನ ಒಳಗಿನ ಹಳ್ಳಿಗಳವರು ಅಂದಾಜು ಕೊಟ್ಟೆ ಅಂತ ನಿಶ್ಚಿಂತರಾಗಬೇಡಿ. ಬೇಡದ ಆಪ್‌ಗೆ ಪೂರ್ತಿ ನಿಲ್ಲಿಸುವುದೇ ಸರಿ.

ಸಾಲ ಕೊಡುವ ಆಪ್‌ಗಳ ಬಗ್ಗೆ ಒಂದು ಮಾತು. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಮೊದಲು ತಂದ ನಿಯಮದ ಪ್ರಕಾರ ಇಂಥ ಆಪ್‌ಗಳು ನಿಮ್ಮ ಫೈಲು, ಫೋಟೋ, ಕಾಂಟ್ಯಾಕ್ಟ್ ಪಟ್ಟಿ, ಕಾಲ್ ವಿವರ ಮುಟ್ಟುವಂತಿಲ್ಲ. ಗುರುತು ಪರಿಶೀಲನೆಗೆ ಕ್ಯಾಮೆರಾ, ಲೊಕೇಶನ್ ಬೇಕಾದರೆ ನಿಮ್ಮ ಸ್ಪಷ್ಟ ಒಪ್ಪಿಗೆ ಪಡೆದು ಒಂದು ಸಲ ಮಾತ್ರ. ಸಾಲದ ಆಪ್ ಗ್ಯಾಲರಿ ಕೇಳಿದರೆ ಅಲ್ಲಿಗೇ ಬಿಡಿ. ಜನರ ಫೋಟೋಗಳನ್ನು ಹಿಡಿದುಕೊಂಡು ಬೆದರಿಸಿದ ಆಪ್‌ಗಳಿಂದಲೇ ಈ ನಿಯಮಗಳು ಬೇಕಾದವು.

ಹಂತ 5: ಕಳಿಸುವ ಮುನ್ನ

ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೋ ಅಂತ ಕಳಿಸಿದರೆ ಜಾಗದ ಅಂಕಿಗಳು ಹೋಗುವುದಿಲ್ಲ. ಅದು ಚಿತ್ರವನ್ನು ಕುಗ್ಗಿಸುವಾಗ ಚೀಟಿಯನ್ನು ತೆಗೆದುಹಾಕುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲೇ ಹೋಗುತ್ತದೆ, ಚೀಟಿ ಸಮೇತ. ಚಿಕ್ಕಪ್ಪನಿಗೆ ಆದದ್ದು ಇದೇ. ಇಮೇಲ್‌ಗೆ ಲಗತ್ತಿಸಿದರೂ, ಡ್ರೈವ್‌ಗೆ ಹಾಕಿ ಲಿಂಕ್ ಕೊಟ್ಟರೂ ಚೀಟಿ ಉಳಿಯುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಫೋಟೋವನ್ನು ಬೇರೆಯವರು ಇಳಿಸಿಕೊಂಡರೆ ಅವರಿಗೆ ಜಾಗ ಸಿಗುವುದಿಲ್ಲ. ಆದರೆ ನೀವೇ ಚೆಕ್-ಇನ್ ಹಾಕಿದರೆ ಅದು ಬೇರೆ ಮಾತು.

ಐಫೋನಿನಲ್ಲಿ ಹಂಚುವ ಪರದೆಯ ಮೇಲ್ಗಡೆ ಆಪ್ಶನ್ಸ್ ಅಂತ ಇದೆ. ಒತ್ತಿದರೆ ಲೊಕೇಶನ್ ಆಫ್ ಮಾಡಬಹುದು. ಪ್ರತಿ ಸಲ ನೋಡಿಕೊಳ್ಳಿ. ವಿಂಡೋಸ್ ಕಂಪ್ಯೂಟರಿನಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್ ಒಳಗೆ ವೈಯಕ್ತಿಕ ಮಾಹಿತಿ ತೆಗೆಯುವ ಸಾಲು ಕೆಳಗಡೆ ಇರುತ್ತದೆ. ಇದೊಂದೂ ಬೇಡ, ಅವಸರ ಅಂದರೆ ಫೋಟೋವನ್ನು ಪರದೆ ತುಂಬ ತೆರೆದು ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿ. ಸ್ವಲ್ಪ ಮಸುಕಾಗುತ್ತದೆ, ಆದರೆ ಜಾಗ ಅದರಲ್ಲಿ ಇರುವುದಿಲ್ಲ.

ಸ್ಕ್ರೀನ್‌ಶಾಟೂ ಕಾಪಾಡದ ಒಂದು ಸಂದರ್ಭ ಇದೆ. ಫೋಟೋದ ಕೆಳಗೆ ಊರು, ಅಕ್ಷಾಂಶ, ಸಣ್ಣ ಮ್ಯಾಪ್ ಅಚ್ಚು ಹಾಕುವ ಜಿಪಿಎಸ್ ಕ್ಯಾಮೆರಾ ಆಪ್‌ಗಳು ಈಗ ಎಲ್ಲೆಲ್ಲೂ ಇವೆ. ಕಾಮಗಾರಿಯ ಫೋಟೋಗೆ, ಕಚೇರಿಗೆ ವರದಿ ಕಳಿಸಲು ಅವು ಬೇಕು. ಆದರೆ ಅಲ್ಲಿ ಜಾಗ ಚೀಟಿಯಲ್ಲಿಲ್ಲ, ಚಿತ್ರದ ಮೇಲೇ ಬರೆದಿದೆ. ವಾಟ್ಸಾಪ್ ಅದನ್ನು ಅಳಿಸುವುದಿಲ್ಲ. ಆ ಕ್ಯಾಮೆರಾದಲ್ಲೇ ಮನೆಮಕ್ಕಳ ಫೋಟೋ ತೆಗೆದು ಸ್ಟೇಟಸ್ ಹಾಕುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಲಸಕ್ಕೊಂದು ಕ್ಯಾಮೆರಾ, ಮನೆಗೊಂದು ಕ್ಯಾಮೆರಾ ಇರಲಿ.

ಹಂತ 6: ಕೊಡಲೇಬೇಕಾದ ಕಡೆ ಕೊಡಿ

ಇಷ್ಟು ಓದಿ ಎಲ್ಲವನ್ನೂ ಬಂದ್ ಮಾಡಿಬಿಟ್ಟರೆ ನಷ್ಟ ನಮಗೇ. ರಾಜ್ಯದ ಬೆಳೆ ಸಮೀಕ್ಷೆ ಆಪ್‌ನಲ್ಲಿ ನಿಮ್ಮ ಸರ್ವೆ ನಂಬರಿನ ಜಾಗದಲ್ಲೇ ನಿಂತು ಫೋಟೋ ತೆಗೆಯಬೇಕು. ಅಲ್ಲಿ ಲೊಕೇಶನ್ ಇಲ್ಲದೆ ಫೋಟೋಗೆ ಬೆಲೆಯೇ ಇಲ್ಲ. ಆವಾಸ್ ಯೋಜನೆಯ ಮನೆಗೆ ಒಂದೊಂದು ಹಂತದ ಫೋಟೋವನ್ನೂ ಜಾಗದ ಸಮೇತವೇ ತೆಗೆಯುತ್ತಾರೆ. ಇಂಥ ಕಡೆ ಬಳಸುವಾಗ ಮಾತ್ರ ಅಂತ ಕೊಡಿ. ನಿಖರ ಲೊಕೇಶನ್ ಆನ್ ಇರಲಿ. ತೋಟದ ನಡುವೆ ಚುಕ್ಕಿ ಅಲ್ಲಾಡುತ್ತಿದ್ದರೆ ಆಕಾಶ ಕಾಣುವ ಕಡೆ ಬಂದು ಒಂದೆರಡು ನಿಮಿಷ ನಿಂತರೆ ಅದು ಸರಿಹೋಗುತ್ತದೆ.

ಫೋಟೋಗಳ ಹಳೆಯ ಲೊಕೇಶನ್ ನಿಜಕ್ಕೂ ಬೇಕಾಗುವ ಆಪ್‌ಗೆ ಒಳ್ಳೆಯ ಉದಾಹರಣೆ ಐನ್ಯಾಚುರಲಿಸ್ಟ್. ಕಪ್ಪೆ, ಆರ್ಕಿಡ್, ಹಕ್ಕಿಯ ಫೋಟೋ ಹಾಕಿದರೆ ಅದು ಚೀಟಿಯಿಂದ ಜಾಗ, ದಿನ ಓದಿಕೊಂಡು ದಾಖಲೆ ಮಾಡುತ್ತದೆ. ಅನುಮತಿ ಇಲ್ಲದಿದ್ದರೆ ಜಾಗ ಖಾಲಿ ಬರುತ್ತದೆ, ಕೈಯಲ್ಲಿ ಗುರುತು ಮಾಡಬೇಕಾಗುತ್ತದೆ. ಅದರಲ್ಲಿ ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಅಪಾಯದಲ್ಲಿದೆ ಅಂತ ಗುರುತಿಸಿದ ಜೀವಿಗಳ ಜಾಗವನ್ನು ಅದು ತಾನಾಗಿಯೇ 0.2 ಡಿಗ್ರಿ ಚೌಕದೊಳಗೆ ಮಸುಕು ಮಾಡಿ ತೋರಿಸುತ್ತದೆ. ಅಂದರೆ ಹೆಚ್ಚುಕಡಿಮೆ 22 ಕಿಲೋಮೀಟರ್. ಪಟ್ಟಿಯಲ್ಲಿ ಇಲ್ಲದ್ದನ್ನೂ ನೀವೇ ಮಸುಕು ಮಾಡಬಹುದು. ಕಾಳಿಂಗದ ಗೂಡು, ಅಪರೂಪದ ಆರ್ಕಿಡ್ ಬಿಟ್ಟ ಮರ, ಇವುಗಳ ಫೋಟೋ ಬೇರೆಲ್ಲಿ ಹಾಕುವುದಾದರೂ ಅಂಕಿ ತೆಗೆದೇ ಹಾಕಿ. ಅವಕ್ಕೆ ತಮ್ಮ ಮನೆಯ ವಿಳಾಸ ಮುಚ್ಚಿಟ್ಟುಕೊಳ್ಳಲು ನಮ್ಮನ್ನು ಬಿಟ್ಟರೆ ಯಾರಿದ್ದಾರೆ?

ಹಂತ 7: ಮಳೆಗಾಲಕ್ಕೊಮ್ಮೆ ಮತ್ತೆ ನೋಡಿ

ಹೊಸ ಫೋನಿಗೆ ಬದಲಾದಾಗ ಕ್ಯಾಮೆರಾದ ಲೊಕೇಶನ್ ಮತ್ತೆ ಆನ್ ಆಗಿರಬಹುದು, ಮೊದಲ ದಿನವೇ ಹಂತ 1ರ ಪರೀಕ್ಷೆ ಮಾಡಿ. ಈಗಾಗಲೇ ಹೊರಗೆ ಹೋದ ಫೋಟೋಗಳನ್ನು ಅನುಮತಿ ಆಫ್ ಮಾಡಿ ವಾಪಸ್ ತರಲು ಆಗುವುದಿಲ್ಲ. ಆಪ್‌ನಲ್ಲಿ ಖಾತೆ ತೆರೆದಿದ್ದರೆ ಆಪ್ ತೆಗೆಯುವ ಮೊದಲು ಖಾತೆಯನ್ನೇ ಅಳಿಸಿ. ಬರೀ ಆಪ್ ತೆಗೆದರೆ ಅವರ ಬಳಿ ಇರುವ ಮಾಹಿತಿ ಹೋಗುವುದಿಲ್ಲ.

ಕೆಲವು ತಿಂಗಳು ಮುಟ್ಟದ ಆಪ್‌ಗಳ ಅನುಮತಿಯನ್ನು ಆಂಡ್ರಾಯ್ಡ್ ತಾನೇ ಹಿಂದಕ್ಕೆ ಪಡೆಯುತ್ತದೆ. ಇದು 2020ರ ಆಂಡ್ರಾಯ್ಡ್ 11ರಲ್ಲಿ ಶುರುವಾಯಿತು. ಹಾಗಾಗಿ ಹೋದ ಮುಂಗಾರಿನಲ್ಲಿ ಬಳಸಿದ ಬೆಳೆ ಸಮೀಕ್ಷೆ ಆಪ್ ಈ ಮುಂಗಾರಿನಲ್ಲಿ ಮತ್ತೆ ಲೊಕೇಶನ್ ಕೇಳಿದರೆ ಗಾಬರಿ ಬೇಡ, ಫೋನು ಹಾಳಾಗಿಲ್ಲ. ತೋಟಕ್ಕೆ ಹೋಗಿ ನಿಂತು, ಬಳಸುವಾಗ ಮಾತ್ರ ಅಂತ ಒತ್ತಿ ಕೆಲಸ ಮುಗಿಸಿಕೊಳ್ಳಿ.